ಸಾಲಿ ಬಿಟ್ಟ ಹುಡುಗ್ಯಾರು

ಗಂಗವ್ವನವರಿಗೆ ಮರೆವಿನ ಕಾಯಿಲೆ ಇರಲಿಲ್ಲ. ಇರಬಹುದು ಎಂದು ಮೂವರು ಕೌನ್ಸಿಲರುಗಳ ಎದುರು ಎದ್ದು ನಿಂತು ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು — ಅನುಮಾನವಲ್ಲ, ಗೊತ್ತಿತ್ತು. ಆರು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ. ಇವತ್ತು ಹೇಳುತ್ತೇನೆ. ನಡುವೆ ನಿಮಗೆ ನಗು ಬಂದರೆ ತಡೆದುಕೊಳ್ಳಬೇಡಿ. ಬಹಳ ದಿನ ನಾನೂ ನಕ್ಕಿದ್ದೇನೆ, ಅದೇ ತೊಂದರೆ.

ಲೀಡ್ಸ್ ಪಕ್ಕದ ಒಂದು ಸಣ್ಣ ಊರಿನ ಕೌನ್ಸಿಲ್‌ನಲ್ಲಿ ಆಗ ನಾನು ಲೈಸೆನ್ಸಿಂಗ್ ಆಫೀಸರ್. ಈ ದೇಶದಲ್ಲಿ ಜೂಜು ಕದ್ದುಮುಚ್ಚಿ ಆಡುವ ವಿಷಯವಲ್ಲ, ಅರ್ಜಿ ಹಾಕಿ ಆಡಿಸುವ ವಿಷಯ. ಕುದುರೆ ಬಾಜಿಯ ಅಂಗಡಿಯಾಗಲಿ, ಬಿಂಗೋ ಹಾಲ್ ಆಗಲಿ — ನಮ್ಮವರು ಕ್ಲಬ್ಬುಗಳಲ್ಲಿ ಆಡುವ ತಂಬೋಲವೇ ಈ ಬಿಂಗೋ — ತೆರೆಯಬೇಕಾದರೆ ಕೌನ್ಸಿಲ್ಲಿಗೆ ಅರ್ಜಿ ಕೊಟ್ಟು, ಬಾಗಿಲಿಗೆ ಇಪ್ಪತ್ತೆಂಟು ದಿನ ನೋಟೀಸು ಅಂಟಿಸಬೇಕು. ಹತ್ತಿರದಲ್ಲಿ ವಾಸಿಸುವವರು ಯಾರು ಬೇಕಾದರೂ ಪತ್ರ ಬರೆಯಬಹುದು; ತಕರಾರು ಬಂದರೆ ಮೂವರು ಕೌನ್ಸಿಲರುಗಳು ಕೂತು ವಿಚಾರಣೆ ನಡೆಸುತ್ತಾರೆ. ಜೂಜು ಪಾಪ ಎಂದು ಬರೆದರೆ ಆ ಪತ್ರ ಬದಿಗೆ. ಪಾಪಪುಣ್ಯ ನಮ್ಮ ಇಲಾಖೆಗೆ ಸೇರಿದ್ದಲ್ಲ. ಅಲ್ಲಿ ಕಳ್ಳರು ಸೇರುತ್ತಾರೆ, ಆಟದಲ್ಲಿ ಮೋಸವಿದೆ, ಮಕ್ಕಳು ಆಡುತ್ತಾರೆ — ಇಂಥದ್ದು ಬಂದರೆ ಮಾತ್ರ ನಾವು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದೆವು.

ಊರಿನ ಹಳೆಯ ಬಿಂಗೋ ಹಾಲ್ ಸೋರುತ್ತಿತ್ತು. ಅದನ್ನು ನಡೆಸುತ್ತಿದ್ದ ಮೊರೀನ್ ಎಂಬಾಕೆ ಅದೇ ಬೀದಿಯಲ್ಲಿ ಮುಚ್ಚಿಹೋಗಿದ್ದ ಕಾರ್ಪೆಟ್ ಅಂಗಡಿಗೆ ಜಾಗ ಬದಲಿಸಲು ಹೊಸ ಪರವಾನಗಿ ಕೇಳಿದ್ದಳು. ಬಂದ ಪತ್ರಗಳಲ್ಲಿ ಒಂದು ಗೆರೆ ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿತ್ತು. ತಲೆಯ ಮೇಲೆ ‘ಓಂ ನಮಃ ಶಿವಾಯ’. ನನ್ನ ಮೇಲಧಿಕಾರಿ ಗ್ರಹಾಮ್ ಅದನ್ನು ಯಾವುದೋ ಸಂಸ್ಥೆಯ ಹೆಸರೆಂದು ತಿಳಿದು ಕಂಪ್ಯೂಟರಿನಲ್ಲಿ ಹುಡುಕಲು ಹೊರಟಿದ್ದ. ನಾನು ಹಾಳೆಯನ್ನು ಕೈಗೆ ತೆಗೆದುಕೊಂಡು, ಇದು ಕನ್ನಡ, ನನ್ನ ಭಾಷೆ ಎಂದೆ. ಇಡೀ ಆಫೀಸು ತಿರುಗಿ ನೋಡಿತು. ಹನ್ನೊಂದು ವರ್ಷದ ನೌಕರಿಯಲ್ಲಿ ಆಫೀಸು ನನ್ನ ಕಡೆ ಹಾಗೆ ತಿರುಗಿದ್ದು ಅದೇ ಮೊದಲು.

ಇಲ್ಲಿ ಒಂದು ಮಾತು. ನಾನು ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿ. ಕನ್ನಡ ಕಲಿತದ್ದು ಅಡುಗೆಮನೆಯಲ್ಲಿ, ಮೈಸೂರಿನ ಅಜ್ಜಿಯ ಬಾಯಿಂದ. ಆಕೆಯ ಪ್ರಕಾರ ತುಂಗಭದ್ರೆಯ ಆಚೆ ಮಾತಾಡುವುದು ಬೇರೆ ಏನೋ. ನನಗೂ ಅದೇ ಗರ್ವ — ಕಲಿತ ಭಾಷೆಯ ಜತೆಗೇ ಬಂದದ್ದು.

ಪತ್ರದಲ್ಲಿ ಹೀಗಿತ್ತು: ‘ನಮ್ಮ ಹುಡುಗ್ಯಾರೆಲ್ಲಾ ಸಾಲಿ ಬಿಟ್ಟಾರ. ದಿನಾ ಮಧ್ಯಾಹ್ನ ಇಲ್ಲೇ ಆಡಾಕ ಬರ್ತಾರ. ಅವರ ಸಲುವಾಗಿ ವಿಚಾರ ಮಾಡ್ರಿ.’ ಕೆಳಗೆ ಗಂಗವ್ವ ಎಂಬ ಸಹಿ, ವಿಳಾಸ.

ನಾನು ಒಂದೇ ಉಸಿರಿಗೆ ಇಂಗ್ಲಿಷ್ ಮಾಡಿದೆ: ನಮ್ಮ ಹೆಣ್ಣುಮಕ್ಕಳೆಲ್ಲ ಶಾಲೆ ಬಿಟ್ಟು ದಿನವೂ ಇಲ್ಲಿ ಜೂಜಾಡಲು ಬರುತ್ತಿದ್ದಾರೆ, ದಯವಿಟ್ಟು ಅವರ ಗತಿ ಏನೆಂದು ಯೋಚಿಸಿ. ಗ್ರಹಾಮ್‌ನ ಮುಖ ಬಿಳಿಚಿತು. ಶಾಲೆಗಳಿಗೆ ಫೋನು ಹೋಯಿತು, ಪೊಲೀಸರಿಗೆ ಇಮೇಲ್ ಹೋಯಿತು. ವಿಚಾರಣೆಯ ವರದಿಯಲ್ಲಿ ಆ ವಾಕ್ಯ ದಪ್ಪಕ್ಷರದಲ್ಲಿ, ಕೆಳಗೆ ಅನುವಾದಕನೆಂದು ನನ್ನ ಹೆಸರು. ಆ ಪುಟದ ಒಂದು ಪ್ರತಿಯನ್ನು ಮನೆಗೂ ಒಯ್ದಿದ್ದೆ.

ವಿಚಾರಣೆಗೆ ಎರಡು ದಿನ ಮುಂಚೆ, ಮಕ್ಕಳನ್ನು ಕಣ್ಣಾರೆ ಹಿಡಿಯೋಣವೆಂದು ಮಧ್ಯಾಹ್ನ ಹಾಲ್‌ಗೆ ಹೋದೆ. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವನು ನಾನೇ. ಮೂಲೆಯ ಮೇಜಿನಲ್ಲಿ ಇಳಕಲ್ ಸೀರೆಯ ಮೇಲೆ ಕೋಟು ತೊಟ್ಟ ಹಣ್ಣುಮುದುಕಿ, ಸುತ್ತ ನಾಲ್ವರು ಇಂಗ್ಲಿಷ್ ಅಜ್ಜಿಯರು. ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಗಂಗವ್ವನವರು ಕುರ್ಚಿ ಎಳೆದು ಕೂರಿಸಿದರು.

“ಇವರಽ ನೋಡ ತಮ್ಮಾ, ನಮ್ಮ ಹುಡುಗ್ಯಾರು. ಎಲ್ಲಾರೂ ಸಾಲ್ಯಾಗ ಅಡಗಿ ಮಾಡತಿದ್ರು. ಈಗ ಬಿಟ್ಟಾರ. ಮನ್ಯಾಗ ಕುಂತು ಏನ ಮಾಡಬೇಕು?”

ಶಾಲೆ ಬಿಟ್ಟವರೆಂದರೆ ಶಾಲೆಯ ಅಡುಗೆಮನೆಯಿಂದ ನಿವೃತ್ತರಾದವರು. ಮೊರೀನ್ ಬಾಗಿಲಲ್ಲಿ ನಿಂತು ಅವರನ್ನೆಲ್ಲ ‘ಗರ್ಲ್ಸ್’ ಎಂದು ಕೂಗುತ್ತಿದ್ದಳು — ಈ ಕಡೆ ಎಂಬತ್ತಾದರೂ ಗರ್ಲ್ಸೇ. ಗಂಗವ್ವನವರು ಆ ಮಾತನ್ನು ನಿಷ್ಠೆಯಿಂದ ಕನ್ನಡಕ್ಕೆ ತಂದಿದ್ದರು. ನಾನು ಅದನ್ನು ಇಂಗ್ಲಿಷಿಗೆ ಮರಳಿ ತರುವಾಗ ಅರವತ್ತು ವರ್ಷ ಕಡಿಮೆ ಮಾಡಿದ್ದೆ. ಅವರು ಬರೆದದ್ದು ದೂರಲ್ಲ, ಹಾಲ್‌ಗೆ ಪರವಾನಗಿ ಕೊಡಿ ಎಂಬ ಬೇಡಿಕೆ! ಮಗನಿಂದ ಇಂಗ್ಲಿಷಿನಲ್ಲಿ ಬರೆಸುವಂತಿರಲಿಲ್ಲ. ತಾಯಿ ಮಧ್ಯಾಹ್ನ ಲೈಬ್ರರಿಗೆ ಹೋಗುತ್ತಾರೆಂದು ಆ ಮಗ ನಂಬಿದ್ದರು.

ಅಲ್ಲಿಂದ ನೇರ ಆಫೀಸಿಗೆ ಹೋಗಿ, ಗ್ರಹಾಮ್, ನಾನು ತಪ್ಪು ಓದಿದೆ ಎಂದಿದ್ದರೆ — ಎರಡು ದಿನ ನಗುತ್ತಿದ್ದರು, ಅಷ್ಟೇ. ಆದರೆ ‘ನನ್ನ ಭಾಷೆ’ ಎಂದು ಹೇಳಿದ್ದೆನಲ್ಲ.

ವಿಚಾರಣೆಯ ಕರೆ ಗಂಗವ್ವನವರ ಮನೆಗೂ ಹೋಗಿತ್ತು. ಒಡೆದು ಓದಿದವರು ಮಗ ಶಿವಾನಂದ, ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ತಾಯಿಯನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತರು. ಶಾಲೆಗಳವರು ಅಂಥ ಮಕ್ಕಳು ಯಾರೂ ಇಲ್ಲ ಎಂದಿದ್ದರು. ಮೊರೀನ್ ಅಳುವ ಹಾಗಾಗಿದ್ದಳು. ಅಧ್ಯಕ್ಷೆ ನನ್ನ ಕಡೆ ನೋಡಿ, ಹಾಗಾದರೆ ಈ ಪತ್ರದ ಅರ್ಥವೇನು ಎಂದು ಕೇಳಿದರು.

ಎದ್ದು ನಿಂತೆ. ಪತ್ರ ಬರೆದವರಿಗೆ ವಯಸ್ಸಾಗಿದೆ, ನಾನು ಖುದ್ದು ಭೇಟಿಯಾದೆ, ನೆನಪು ಸ್ವಲ್ಪ ಕಲಸಿದಂತಿದೆ, ಇದನ್ನು ಗಣನೆಗೆ ತೆಗೆದುಕೊಳ್ಳಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಎಷ್ಟು ಮೃದುವಾಗಿ ಹೇಳಿದೆನೆಂದರೆ ಅಧ್ಯಕ್ಷೆ ತಲೆದೂಗಿದರು. ಪರವಾನಗಿ ಸಿಕ್ಕಿತು. ಇಂಗ್ಲಿಷ್ ಅಷ್ಟಾಗಿ ತಿಳಿಯದ ಗಂಗವ್ವನವರು ಹೊರಗೆ ನನ್ನ ಕೈ ಹಿಡಿದು, ನನ್ನ ಪತ್ರ ಎಲ್ಲಾರ ಮುಂದ ಓದಿದ್ರಲ್ಲ, ಅಷ್ಟ ಸಾಕು ಎಂದರು. ಪಕ್ಕದಲ್ಲಿ ನಿಂತ ಮಗ ನಗಲಿಲ್ಲ. ನನ್ನ ಮಾತು ಅವರಿಗೆ ಪೂರ್ತಿ ಅರ್ಥವಾಗಿತ್ತು.

ಮುಂದಿನದು ಇಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ ಗೊತ್ತಾಯಿತು. ಶಿವಾನಂದ ತಾಯಿಯನ್ನು ನೆನಪಿನ ಪರೀಕ್ಷೆಗೆ ಕರೆದೊಯ್ದಿದ್ದರು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರಂತೆ ಅಲ್ಲಿನ ಡಾಕ್ಟರು. ಮೊದಲು ಬರುವುದು ತೊಂಬತ್ತಮೂರು ತಾನೇ? ಬಿಂಗೋದಲ್ಲಿ ಇರುವುದು ತೊಂಬತ್ತರ ತನಕ. ಗಂಗವ್ವನವರು ಕೈಯಾಡಿಸಿ, ಅಂಥಾ ನಂಬರ್ ಇಲ್ಲಪ್ಪಾ, ಇದ್ದದ್ದರಾಗ ಕೇಳು ಎಂದರಂತೆ. ಯಾವ ಊರಿನಲ್ಲಿದ್ದೀರಿ ಎಂದರೆ, ದಾರಿ ತಪ್ಪಿತೇನು ನಿನಗ ಎಂದು ತಿರುಗಿ ಕೇಳಿದರಂತೆ. ಎಲ್ಲವನ್ನೂ ಡಾಕ್ಟರು ಮರೆವಿನ ಲಕ್ಷಣವೆಂದು ಬರೆದುಕೊಂಡರಂತೆ. ಮನೆಯ ಕೀಲಿಯನ್ನು ತಾಯಿಯಿಂದ ತೆಗೆದಿಟ್ಟಿದ್ದೇವೆ, ಹಾಲ್‌ಗಂತೂ ಕಳಿಸುವುದಿಲ್ಲ ಎಂದರು ಶಿವಾನಂದ. ಆಮೇಲೆ ನನ್ನ ಭುಜ ತಟ್ಟಿದರು.

“ನೀವು ಅವತ್ತು ಹೇಳದೆ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ ಸರ್. ತುಂಬಾ ಥ್ಯಾಂಕ್ಸ್.”

ನನ್ನ ಎಲೆಯಲ್ಲಿ ಹೋಳಿಗೆ ಇತ್ತು. ಇನ್ನೊಂದು ಹಾಕಿಸಿಕೊಂಡೆ — ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಿಲ್ಲವಲ್ಲ. ಆಮೇಲೆ ಆ ತೊಂಬತ್ತಮೂರರ ಕಥೆಯನ್ನು ನಾಲ್ಕಾರು ಮನೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ಪತ್ರದ ಕಥೆಯನ್ನು ಮಾತ್ರ ಬಿಟ್ಟು.

ಕಳೆದ ತಿಂಗಳು ನಮ್ಮವರ ಒಂದು ಮದುವೆಯಲ್ಲಿ ಗಂಗವ್ವನವರು ಸಿಕ್ಕರು. ಸೊಸೆ ಮೊಣಕೈ ಹಿಡಿದು ನಡೆಸುತ್ತಿದ್ದಳು; ಹಿಡಿಯುವ ಅಗತ್ಯ ನನಗೇನೂ ಕಾಣಲಿಲ್ಲ. ಸೊಸೆ ಅತ್ತ ಹೋದಾಗ ಗಂಗವ್ವನವರು ಹತ್ತಿರ ಬಾಗಿ, ದನಿ ತಗ್ಗಿಸಿ ಕೇಳಿದರು:

“ತಮ್ಮಾ, ಖರೇ ಹೇಳು. ಆ ಪತ್ರದಾಗ ನಾ ಏನರ ತಪ್ಪ ಬರದಿದ್ನೇನು? ನನಗ ನೆನಪ ಐತಿ ಅಂತನ ಅನಸ್ತೈತಿ… ಆದ್ರ ಎಲ್ಲಾರೂ ಇಲ್ಲ ಅಂತಾರ.”

“ಇಲ್ಲಮ್ಮ,” ಎಂದೆ. ಅಷ್ಟೇ. ಕಾಫಿ ತರುತ್ತೇನೆಂದು ಎದ್ದು ಹೋದವನು ಮತ್ತೆ ಆ ಕಡೆ ಬರಲಿಲ್ಲ. ಕೀಲಿ ಹೋದದ್ದಕ್ಕಿಂತ ಇದು ದೊಡ್ಡದು — ತಮ್ಮ ತಲೆಯನ್ನೇ ಅವರು ನಂಬದಂತೆ…

ಗಂಗವ್ವನವರೇ, ನಿಮ್ಮ ಪತ್ರ ಸರಿಯಾಗಿತ್ತು. ಒಂದಕ್ಷರವೂ ತಪ್ಪಿರಲಿಲ್ಲ. ಅದನ್ನು ಹೊಸದಾಗಿ ಇಂಗ್ಲಿಷ್ ಮಾಡಿ, ಮೊದಲಿನದು ನನ್ನ ತಪ್ಪು, ಮರೆವಿನ ಮಾತು ನಾನು ಕಟ್ಟಿದ ಸುಳ್ಳು ಎಂದು ಸಹಿ ಹಾಕಿ ನಿನ್ನೆ ಕೌನ್ಸಿಲ್ಲಿಗೆ ಕಳಿಸಿದ್ದೇನೆ. ಇನ್ನೊಂದು ಪ್ರತಿ ಜೇಬಿನಲ್ಲಿದೆ, ನಿಮ್ಮ ಮಗನಿಗೆ. ಭಾನುವಾರ ಬರುತ್ತೇನೆ. ಅವರು ಏನೆನ್ನುತ್ತಾರೋ ಎನ್ನಲಿ, ಮೊದಲು ನಿಮಗೆ ಹೇಳುತ್ತೇನೆ, ಕನ್ನಡದಲ್ಲಿ, ಅವರ ಎದುರೇ. ಬಾಗಿಲು ತೆಗೆಯುವವರು ಹೇಗೂ ಅವರೇ — ಕೀಲಿ ಇನ್ನೂ ಅವರ ಹತ್ತಿರವೇ ಇದೆ.