ಕಾಲತ್ತೆ ತಡವಿ ನೋಡಿದ ಕಾಲು

ಕೆಲಸಕ್ಕೆ ಸೇರಿದ ಮೊದಲ ವಾರವೇ ಸೋದರತ್ತೆಯ ಮಾನ ಉಳಿಸಲು ಹೋಗಿ ನನ್ನ ಮಾನ ಕಳೆದುಕೊಂಡೆ. ಅದು ಕೃತಕ ಕಾಲು ತಯಾರಿಸುವ ಕಾರ್ಖಾನೆ. ಅತ್ತೆ ಅಲ್ಲಿ ಹಳೇ ಕೆಲಸಗಾರ್ತಿ. ನಾನು ಅವರ ಶಿಫಾರಸಿನಿಂದ ತೂರಿಕೊಂಡ ಬಿಲ್ಲು ಬರೆಯುವ ಮಹಾಶಯ. ಒಂದು ಮಧ್ಯಾಹ್ನ ಅತ್ತೆ ಕಣ್ಣು ಮುಚ್ಚಿ, ಮೊಣಕೈವರೆಗೂ ಒಂದು ಕಾಲಿನೊಳಗೆ ಕೈ ಇಳಿಸಿ, ತುಟಿ ಅಲುಗಿಸುತ್ತ ಕೂತಿದ್ದರು. ಊಟದ ಮೇಲಿನ ಜೋಂಪು, ಜೊತೆಗೆ ಕನವರಿಕೆ ಬೇರೆ ಎಂದುಕೊಂಡೆ. ಅಷ್ಟರಲ್ಲಿ ಯಜಮಾನರು ಬರುವುದು ಕಾಣಿಸಿತು. ಅತ್ತೆಗೆ ಎಚ್ಚರವಾಗಲೆಂದು ಬಾಗಿಲಿಗೆ ಅಡ್ಡ ನಿಂತು ಕರುಳು ಕಿತ್ತುಬರುವಂತೆ ಕೆಮ್ಮಿದೆ. ಅತ್ತೆ ಕಣ್ಣು ತೆರೆಯದೆಯೇ, “ಅವನಿಗೆ ಸ್ವಲ್ಪ ನೀರು ಕೊಡ್ರಪ್ಪ” ಎಂದರು.

ಅದು ನಿದ್ದೆಯಲ್ಲ, ತಪಾಸಣೆ. ಕಾಲಿನ ಹೊರಮೈ ಎಲ್ಲರಿಗೂ ಕಾಣುತ್ತದೆ. ಒಳಮೈ ತೊಟ್ಟವನ ಚರ್ಮಕ್ಕೆ ಮಾತ್ರ ಗೊತ್ತು. ಅದಕ್ಕೇ ಅತ್ತೆ ಪ್ರತಿ ಕಾಲಿಗೂ ‘ದೇವರೇ, ತಪ್ಪಿದ್ರೆ ತೋರಿಸು’ ಎಂದು ಕಣ್ಣು ಮುಚ್ಚಿ ಒಳಗೆ ತಡವುತ್ತಿದ್ದರು. ದೇವರು ತೋರಿಸಿದ ಮೇಲೆ ಅತ್ತೆ ಹಾಗೇ ಬಿಡುವಂತಿಲ್ಲ. ಅದು ಅವರಿಬ್ಬರ ಕರಾರು. ಮಾವ ತೀರಿಕೊಂಡ ವರ್ಷ ಕಸ ಗುಡಿಸಲು ಬಂದವರು, ಅಚ್ಚಿನ ಕೋಣೆ ಗುಡಿಸುತ್ತಲೇ ಗಿರಾಕಿಗಳ ಮೊಂಡುಗಾಲಿನ ಅಚ್ಚು ತೆಗೆಯುವುದನ್ನೂ ಕಲಿತರಂತೆ. ಬೀದಿಗೆಲ್ಲ ಈಗ ಅವರು ಕಾಲತ್ತೆ.

ಕಾರ್ಖಾನೆಯ ಮೇಸ್ತ್ರಿ ನಿವೃತ್ತರಾಗುವವರಿದ್ದರು. ಆ ಜಾಗ ಅತ್ತೆಗೇ ಎಂದು ಯಜಮಾನರು ಹೇಳಿಯೂ ಆಗಿತ್ತು. ಅತ್ತೆಗೂ ಆಸೆಯಿತ್ತು, ಮೇಸ್ತ್ರಿ ಕುರ್ಚಿಯನ್ನು ಕಿಟಕಿ ಪಕ್ಕಕ್ಕೆ ಸರಿಸಬೇಕೆಂದು ಮನೆಯಲ್ಲಿ ನನ್ನೆದುರು ಹೇಳಿಕೊಂಡಿದ್ದರು.

ಆಗಲೇ ಬಸ್ ಕಂಡಕ್ಟರೊಬ್ಬರ ಕಾಲು ಸಿದ್ಧವಾಯಿತು. ಅವರು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಪಾಲಿಶ್ ಆಗಿ ಕನ್ನಡಿಯಂತೆ ಹೊಳೆಯುತ್ತಿದ್ದ ಕಾಲಿನೊಳಗೆ ಅತ್ತೆ ಕೈ ಇಳಿಸಿದರು. ಕೈ ಒಂದು ಕಡೆ ನಿಂತಿತು.

“ಇಲ್ಲಿ ಉಬ್ಬಿದೆ. ಅಚ್ಚು ತೆಗೆಯೋವಾಗ್ಲೇ ನಾನು ತಪ್ಪಿದೀನಿ. ಹೊಸದೇ ಮಾಡಬೇಕು.”

ಪಾಲಿಶ್ ಮಾಡುವವನು ಕೈ ಹಾಕಿ ನೋಡಿ, ತನಗೇನೂ ಸಿಗುತ್ತಿಲ್ಲವೆಂದ. ಒಂದು ಕಾಲುಚೀಲ ಜಾಸ್ತಿ ಹಾಕಿಕೊಂಡರಾಯಿತು ಎಂದರು ಯಜಮಾನರು. ಸುಮ್ಮನಿರಿ ಎಂದು ನಾನು ಮೂಲೆಯಿಂದ ಅತ್ತೆಯನ್ನು ಕಣ್ಣಲ್ಲೇ ಗೋಗರೆದೆ. ಅತ್ತೆ ಎದ್ದು ಹೊರಗೆ ಹೋಗಿ, ತಪ್ಪು ತಮ್ಮದೆಂದು ಕಂಡಕ್ಟರಿಗೆ ಹೇಳಿ, ಮತ್ತೆ ಅಳತೆ ಕೊಡಬೇಕೆಂದು ಅವರನ್ನು ಒಳಗೆ ಕರೆತಂದರು. ಗಿರಾಕಿಯ ಮುಂದೆ ಕಾರ್ಖಾನೆಯ ಮರ್ಯಾದೆ ಕಳೆದರೆಂದು ಯಜಮಾನರ ಮುಖ ಕಪ್ಪಿಟ್ಟಿತು. ಕುರ್ಚಿ ಪಾಲಿಶ್‌ನವನ ಪಾಲಾಯಿತು.

ಕಂಡಕ್ಟರ್ ಹೊಸ ಕಾಲಿನಲ್ಲಿ ಅಂಗಳದ ಉದ್ದಕ್ಕೂ ನಡೆದರು, ತಿರುಗಿದರು, ಮತ್ತೆ ನಡೆದರು. ನಿಲ್ಲಿಸಲು ಮನಸ್ಸೇ ಇರಲಿಲ್ಲ. ಅವತ್ತು ನನ್ನೆದೆ ಉಬ್ಬಿದ ಪರಿ ನೋಡಿದವರು ಆ ಕಾಲು ಮಾಡಿದ್ದು ನಾನೇ ಅಂದುಕೊಳ್ಳಬೇಕು. ಇಂದಿಗೂ ಯಾರಾದರೂ ನೀವ್ಯಾರೆಂದು ಕೇಳಿದರೆ ಕಾಲತ್ತೆಯ ಸೋದರಳಿಯ ಎನ್ನುತ್ತೇನೆ. ನನ್ನ ಹೆಸರು ಆಮೇಲೆ, ಕೇಳಿದರೆ ಮಾತ್ರ.

ಆದರೂ ನಾಲಿಗೆ ಸುಮ್ಮನಿರಬೇಕಲ್ಲ. ಮೊನ್ನೆ ಅತ್ತೆ ಪಾತ್ರೆಯ ತಳವನ್ನೂ ಬಿಡದೆ ಉಜ್ಜುತ್ತಿದ್ದಾಗ ಕೇಳಿಯೇಬಿಟ್ಟೆ: “ಅವನು ಆ ಕುರ್ಚೀಲಿ ಕೂತಿರೋದು ನೋಡಿದ್ರೆ ನಿಮಗೆ ಹೊಟ್ಟೆ ಉರಿಯಲ್ವಾ ಅತ್ತೆ?”

“ಉರಿಯುತ್ತೆ. ಹೊಟ್ಟೆ ಉರಿಯುತ್ತೆ ಅಂತ ದೇವರಿಗೆ ಕೊಟ್ಟ ಮಾತು ಮೀರೋಕಾಗುತ್ತೇನೋ?”