ಎಕ್ಸ್‌ರೇ ಒಣಗುವ ಹೊತ್ತು

ನಮ್ಮ ದೊಡ್ಡಪ್ಪ ಆಸ್ಪತ್ರೆಯ ಕತ್ತಲೆಕೋಣೆಯಲ್ಲಿ ಎಕ್ಸ್‌ರೇ ಫಿಲ್ಮು ತೊಳೆಯುವವರು. ಬಾಗಿಲು ಒಂದು ಸಂದು ತೆರೆದರೂ ಫಿಲ್ಮು ಹಾಳಾಗುವ ಜಾಗ ಅದು. ಹಾಗಾಗಿ ತಟ್ಟದೆ ಯಾವ ಬಾಗಿಲನ್ನೂ ತೆರೆಯದ ಅಭ್ಯಾಸ ಅವರಿಗೆ ಮೈಗಂಟಿಬಿಟ್ಟಿತ್ತು. ಸ್ವಂತ ಮನೆಯ ಅಡುಗೆಮನೆಗೂ ತಟ್ಟಿಯೇ ಬರುತ್ತಿದ್ದರು. ಒಳ್ಳೆ ಬೀಗರು ಬಂದ ಹಾಗೆ ಬರ್ತಾರೆ ಎಂದು ದೊಡ್ಡಮ್ಮ ನಗುತ್ತಿದ್ದಳು. ಕೆಟ್ಟುಹೋದ ಫಿಲ್ಮುಗಳನ್ನು ಅವರು ಮನೆಗೆ ತಂದರೆ ಇಬ್ಬರೂ ಕಿಟಕಿಗೆ ಹಿಡಿದು ನೋಡುತ್ತಿದ್ದರು. ಎದೆಯ ಚಿತ್ರದಲ್ಲಿ ಗಾಳಿ ಇದ್ದಲ್ಲಿ ಕಪ್ಪು, ಇರಬಾರದ್ದು ಇದ್ದಲ್ಲಿ ಬಿಳಿ ಎಂದು ದೊಡ್ಡಮ್ಮ ಕಲಿತದ್ದು ಹಾಗೆ.

ತೊಳೆದ ಫಿಲ್ಮನ್ನು ಎಲ್ಲರಿಗಿಂತ ಮೊದಲು ನೋಡುವವರು ದೊಡ್ಡಪ್ಪ. ಬಾಯಿ ಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ. ಅದು ಡಾಕ್ಟರ ಕೆಲಸ. ಆದರೆ ಕೆಟ್ಟದ್ದು ಕಂಡರೆ ಹೊರಗೆ ಬಂದು, ಕಾಯುತ್ತಿದ್ದ ರೋಗಿಗೆ ಫಿಲ್ಮು ಇನ್ನೂ ಒಣಗಿಲ್ಲ ಎನ್ನುತ್ತಿದ್ದರು. ಊಟ ಆಯಿತೇ, ಜೊತೆಗೆ ಯಾರಿದ್ದಾರೆ ಎಂದು ಮಾತಿಗೆಳೆಯುತ್ತಿದ್ದರು. ಒಬ್ಬರೇ ಬಂದಿದ್ದರೆ ಮನೆಯವರನ್ನು ಕರೆಸುತ್ತಿದ್ದರು. ಅವರು ಬಂದು ಪಕ್ಕದಲ್ಲಿ ಕೂತ ಮೇಲೆಯೇ ಫಿಲ್ಮು ಒಣಗುತ್ತಿತ್ತು. ಡಾಕ್ಟರಿಗೂ ಇದು ಗೊತ್ತಿತ್ತು, ಅವರೂ ಅವಸರ ಮಾಡುತ್ತಿರಲಿಲ್ಲ.

ಆಮೇಲೆ ಹೊಸ ಯಂತ್ರ ಬಂತು. ಚಿತ್ರ ತೆಗೆದ ಕೂಡಲೇ ಪರದೆಗೆ, ಅಲ್ಲಿಂದ ನೇರ ರೋಗಿಯ ಫೋನಿಗೆ. ಕಾಯುವ ಗೋಳು ತಪ್ಪಿತು ಎಂದು ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಕತ್ತಲೆಕೋಣೆಗೆ ಮುರಿದ ಕುರ್ಚಿಗಳನ್ನು ತುಂಬಿದರು, ದೊಡ್ಡಪ್ಪನನ್ನು ಗಾಲಿಕುರ್ಚಿ ತಳ್ಳಲು ಹಾಕಿದರು. ತೊಳೆಯುವ, ಒಣಗಿಸುವ ಕೆಲಸ ಯಂತ್ರದ ಪಾಲಾಯಿತು ಸರಿ. ಆ ಇನ್ನೊಂದು ಕೆಲಸ ಯಾರ ಲೆಕ್ಕದಲ್ಲೂ ಇರಲಿಲ್ಲ, ಯಾರ ಪಾಲಿಗೂ ಬರಲಿಲ್ಲ. ಬೆಂಚಿನ ಮೇಲೆ ಒಬ್ಬರೇ ಕೂತು, ಫೋನು ನೋಡುತ್ತಲೇ ಕುಸಿದವರನ್ನು ದೊಡ್ಡಪ್ಪ ಎಬ್ಬಿಸಿ ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದರು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ದೊಡ್ಡಪ್ಪ ನಿವೃತ್ತರಾದ ಮೇಲೆ ದೊಡ್ಡಮ್ಮನಿಗೆ ಕೆಮ್ಮು ಹಿಡಿಯಿತು. ಏನು ಮಾಡಿದರೂ ಜಗ್ಗದಿದ್ದಾಗ ಮೂವರೂ ಅದೇ ಆಸ್ಪತ್ರೆಗೆ ಹೋದೆವು. ದೊಡ್ಡಪ್ಪ ಫೋನು ಇಟ್ಟುಕೊಂಡವರಲ್ಲ. ಯಾರು ನಂಬರು ಕೇಳಿದರೂ ಹೆಂಡತಿಯದನ್ನೇ ಹೇಳಿ ರೂಢಿ. ಚೀಟಿ ಮಾಡಿಸುವಾಗಲೂ ಅದನ್ನೇ ಹೇಳಿದರು. ಎಕ್ಸ್‌ರೇ ಮುಗಿದು ದೊಡ್ಡಮ್ಮ ಹೊರಗಿನ ಬೆಂಚಿಗೆ ಹೋದಳು. ಯಂತ್ರ ನಡೆಸುವಾಕೆ ಹಳೆಯ ಪರಿಚಯದವಳು, ನಮ್ಮಿಬ್ಬರನ್ನು ಒಳಗೆ ಕರೆದು ಪರದೆ ತೋರಿಸಿದಳು. ಬಲಗಡೆ ಬಿಳಿಯ ಗಂಟೊಂದು, ನನಗೂ ಕಾಣುವಷ್ಟು ದೊಡ್ಡದು. ದೊಡ್ಡಪ್ಪ ಗೋಡೆ ಹಿಡಿದುಕೊಂಡರು.

“ಇವತ್ತು ಬೇಡ,” ಎಂದರು. “ಊರಿಂದ ಮಗಳು ಬರ್ಲಿ. ಅವಳು ಪಕ್ಕದಲ್ಲಿರುವಾಗ ನಾನೇ ಹೇಳ್ತೀನಿ.”

ನಾನು ಹೂಂ ಎಂದೆ. ಅವರು ನಲ್ಲಿಯಲ್ಲಿ ಮುಖ ತೊಳೆದುಕೊಂಡರು, ಕನ್ನಡಕ ಒರೆಸಿ ಹಾಕಿಕೊಂಡರು, ಮುಖದಲ್ಲಿ ನಗು ತಂದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಹೊರಗೆ ಬಂದು, ರಿಪೋರ್ಟು ನಾಳೆ ಕೊಡ್ತಾರಂತೆ, ನಡಿ ಮನೆಗೆ ಹೋಗೋಣ ಎಂದು ದೊಡ್ಡಮ್ಮನಿಗೆ ಕೈ ನೀಡಿದರು.

ದೊಡ್ಡಮ್ಮ ಏಳಲಿಲ್ಲ. ಫೋನನ್ನು ಮಡಿಲಲ್ಲಿ ಬೋರಲು ಇಟ್ಟುಕೊಂಡಿದ್ದಳು. ಅವರು ನೀಡಿದ ಕೈ ಹಿಡಿದು ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡಳು.

“ನಂಗೆ ಆಗ್ಲೇ ಬಂತು, ನೋಡಿದೆ,” ಎಂದಳು. “ನಿಮಗೆ ಹೇಗೆ ಹೇಳೋದು ಅಂತ ಯೋಚನೆ ಮಾಡ್ತಾ ಕೂತಿದ್ದೆ.”