ತಡಸದ ಹಳ್ಳದ ಕಲ್ಲು

ಹಾನಗಲ್, ಸವಣೂರು ಕಡೆಯ ವಿಜ್ಞಾನ ಶಿಕ್ಷಕರಾದ ನಮ್ಮನ್ನು ತರಬೇತಿಗೆಂದು ಕಲ್ಲು ತೋರಿಸಲು ಕರೆದೊಯ್ದವರು ಭೂವಿಜ್ಞಾನದ ಒಬ್ಬ ಮೇಡಂ. ಪ್ರತಿ ಬಂಡೆಯನ್ನೂ ಎಮ್ಮೆಯ ಬೆನ್ನಿನಂತೆ ತಟ್ಟಿ, "ಅವಸರ ಬ್ಯಾಡ್ರಿ, ಕಲ್ಲೇನು ಓಡಿ ಹೋಗಂಗಿಲ್ಲ" ಅನ್ನುತ್ತಿದ್ದರು.

ತಡಸದ ಹತ್ತಿರದ ಹಳ್ಳದಲ್ಲಿ ಹರಳು ತುಂಬಿದ ಬೂದು ತುಂಡೊಂದನ್ನು ಎತ್ತಿಕೊಟ್ಟು, "ಇದರ ವಯಸ್ಸೆಷ್ಟು ಹೇಳ್ರಿ?" ಎಂದರು.

ನಮ್ಮಲ್ಲೇ ಹಿರಿಯರಾದ ಹಿರೇಕೆರೂರಿನ ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು, "ಕೋಟಿ ವರ್ಷಕ್ಕ ಕಮ್ಮಿ ಇಲ್ರಿ" ಎಂದರು. ನಾವೆಲ್ಲ ಗಂಭೀರವಾಗಿ ತಲೆಯಾಡಿಸಿದೆವು.

"ಮೊನ್ನೆ ಒಡೆದ ಮೋರಿದ್ರಿ ಅದು. ಕಾಂಕ್ರೀಟು!" ಎಂದರು ಮೇಡಂ.

ನಗು ಹಳ್ಳ ತುಂಬಿತು. ಮಾಸ್ತರರ ಮುಖ ಮಾತ್ರ ಕೆಂಪೇರಿತು. ಕಾಲ ಬಳಿಯ ಇನ್ನೊಂದು ಕಲ್ಲನ್ನು ಎತ್ತಿ ಮೇಡಂ ಮುಂದೆ ಹಿಡಿದು, "ಹಂಗಾರ ಇದನ್ನ ನೀವು ಹೇಳ್ರಿ" ಎಂದು ಸವಾಲು ಹಾಕಿದರು.

ಮೇಡಂ ಭೂತಗನ್ನಡಿ ಹಿಡಿದು ನೋಡಿದರು, ನಾಲಿಗೆ ತಾಗಿಸಿಯೂ ನೋಡಿದರು. ಕೊನೆಗೆ ಮುಖವರಳಿಸಿ, "ನನಗೂ ಗೊತ್ತಾಗವಲ್ದು ನೋಡ್ರಿ!" ಎಂದರು.

ಮಾಸ್ತರರ ಸಿಟ್ಟು ಎತ್ತ ಹೋಯಿತೋ! ಇಬ್ಬರೂ ಕುಕ್ಕರಗಾಲಲ್ಲಿ ಕೂತು ಆ ಕಲ್ಲಿನ ಮೇಲೆ ವಾದಕ್ಕಿಳಿದರು. ಹಾರ್ನ್ ಹೊಡೆದು ಸೋತ ನಮ್ಮ ಬಸ್ಸಿನ ಡ್ರೈವರ್ ಬಯ್ಯಲೆಂದೇ ಇಳಿದು ಬಂದವನು, ಅವರ ನಡುವೆ ಬಗ್ಗಿ, "ನನಗೂ ಒಂದೀಟು ತೋರಸ್ರಿ" ಎಂದು ಕೈ ಚಾಚಿದ.